ಹಳೇ ಪಿಕಪ್‌ಗೆ ಗೇರ್‌ಬಾಕ್ಸ್ ಬದಲಾವಣೆ: ರಿಪೇರಿಯೋ, ಗುಜರಿಯದೋ, ರೀಕಂಡೀಷನ್ ಮಾಡಿದ್ದೋ, ಬೇರೆ ಮಾಡೆಲ್ಲೋ?

ಸೆಕೆಂಡ್ ಗೇರಿಗೆ ಹಾಕುವಾಗ ಗರ್ರ್ ಅನ್ನುತ್ತಿತ್ತು. ರಿವರ್ಸ್ ಅಂತೂ ಕೇಳಲೇಬೇಡಿ, ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಸದ್ದು. ಗೇರ್‌ಬಾಕ್ಸ್ ಹೋಯಿತು ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಗುಜರಿಯಿಂದ ಅದೇ ಮಾಡೆಲ್‌ನ ಇನ್ನೊಂದು ಬಾಕ್ಸ್ ತಂದೆ. ಎರಡು ದಿನ ಗಾಡಿ ಕೆಳಗೆ ಮಲಗಿ, ಕಣ್ಣಿಗೆಲ್ಲ ಮಣ್ಣು ಬೀಳಿಸಿಕೊಂಡು ಕೂರಿಸಿದೆ. ಸ್ಟಾರ್ಟ್ ಮಾಡಿ ಸೆಕೆಂಡ್ ಹಾಕಿದರೆ ಮತ್ತೆ ಅದೇ ಗರ್ರ್. ಕೊನೆಗೆ ಕಳ್ಳ ಸಿಕ್ಕಿದ್ದು ಕ್ಲಚ್ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಪೈಪಿಗೆ ಎಣ್ಣೆ ತಳ್ಳುವ ಸಿಲಿಂಡರ್) ಒಳಗೆ. ಉಗುರಿನಷ್ಟು ಗಾತ್ರದ ಒಂದು ರಬ್ಬರ್ ಸೀಲ್ ಸವೆದಿತ್ತು. ಪೆಡಲ್ ತಳಕ್ಕೆ ಒತ್ತಿದರೂ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ, ಅಷ್ಟೇ.

ಹಾಗಾಗಿ ಯಾವ ಬಾಕ್ಸ್ ಒಳ್ಳೆಯದು ಅನ್ನುವುದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಇದೆ. ನಿಮ್ಮ ಬಾಕ್ಸ್ ನಿಜವಾಗಿ ಕೆಟ್ಟಿದೆಯಾ?

ಮೊದಲು ಕಿವಿಗೆ ಕೆಲಸ ಕೊಡಿ

ಗಾಡಿ ನಿಂತಿರಲಿ, ಇಂಜಿನ್ ಓಡುತ್ತಿರಲಿ, ನ್ಯೂಟ್ರಲ್‌ನಲ್ಲಿರಲಿ. ಕ್ಲಚ್ ಒತ್ತಿ ಹಿಡಿದು ಹತ್ತು ಎಣಿಸಿ, ಆಮೇಲೆ ನಿಧಾನಕ್ಕೆ ರಿವರ್ಸ್ ಹಾಕಿ. ಅಷ್ಟು ಹೊತ್ತಿಗೆ ಬಾಕ್ಸ್ ಒಳಗಿನ ಗೇರುಗಳು ತಿರುಗುವುದು ನಿಂತಿರಬೇಕು. ಆಗಲೂ ಗರ್ರ್ ಅಂದರೆ ಕ್ಲಚ್ ಬಿಡುತ್ತಿಲ್ಲ ಅಂತ ಅರ್ಥ. ಬಾಕ್ಸ್ ಮುಟ್ಟಬೇಡಿ. ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ (ಆ ಎಣ್ಣೆಯ ಒತ್ತಡದಿಂದ ಕ್ಲಚ್ ಬಿಡಿಸುವುದು), ಪೈಪಿನಲ್ಲಿ ಸೇರಿದ ಗಾಳಿ, ಇಂಥವನ್ನು ನೋಡಿ. ರಿವರ್ಸ್ ಸಲೀಸಾಗಿ ಬಿದ್ದು, ಓಡುವಾಗ ಮಾತ್ರ ಯಾವುದೋ ಒಂದು ಗೇರಿಗೆ ಸದ್ದು ಬಂದರೆ ಆಗ ಆ ಗೇರಿನ ಸಿಂಕ್ರೋ ರಿಂಗ್ (ಗೇರ್ ಬೀಳುವ ಮೊದಲು ಗೇರಿನ ವೇಗ, ಶಾಫ್ಟಿನ ವೇಗ ಹೊಂದಿಸುವ ಬಳೆ) ಮೇಲೆ ಅನುಮಾನ ಪಡಬಹುದು.

ಬೇರಿಂಗ್ ಸದ್ದು ಇನ್ನೂ ಸುಲಭ. ನ್ಯೂಟ್ರಲ್‌ನಲ್ಲಿ ಗುಂಯ್ ಅನ್ನುತ್ತಿದ್ದು, ಕ್ಲಚ್ ಒತ್ತಿದ ತಕ್ಷಣ ನಿಂತರೆ ಇನ್‌ಪುಟ್ ಶಾಫ್ಟ್ (ಇಂಜಿನ್ ಕಡೆಯ ಮುಂದಿನ ಶಾಫ್ಟ್) ಅಥವಾ ಲೇ ಶಾಫ್ಟ್ (ಪಕ್ಕದಲ್ಲಿದ್ದು ಗೇರುಗಳಿಗೆ ಬಲ ಸಾಗಿಸುವ ಶಾಫ್ಟ್) ಕಡೆಯ ಬೇರಿಂಗ್. ಕ್ಲಚ್ ಒತ್ತಿದಾಗಲೇ ಸದ್ದು ಶುರುವಾದರೆ ರಿಲೀಸ್ ಬೇರಿಂಗ್ (ಕ್ಲಚ್ ಒತ್ತಿ ಬಿಡಿಸುವುದು), ಅದು ಬಾಕ್ಸ್‌ನ ಹೊರಗಿನದು. ಓಡುವಾಗ ಎಲ್ಲ ಗೇರಲ್ಲೂ ಊಳಿಟ್ಟು, ನಾಲ್ಕನೇ ಗೇರಲ್ಲಿ ಮಾತ್ರ ತಣ್ಣಗಾದರೆ ಲೇ ಶಾಫ್ಟ್ ಬೇರಿಂಗ್. ಯಾಕಂದರೆ ಈ ಬಾಕ್ಸ್‌ಗಳಲ್ಲಿ ಹೆಚ್ಚಿನವುಗಳ ನಾಲ್ಕನೇ ಗೇರ್ ನೇರ ಗೇರ್. ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನೇರ ಬೆಸುಗೆ ಹಾಕಿದ ಹಾಗೆ. ಲೇ ಶಾಫ್ಟ್ ಆಗಲೂ ತಿರುಗುತ್ತದೆ, ಆದರೆ ಭಾರ ಹೊರುವುದಿಲ್ಲ.

ಗೇರ್ ತಾನಾಗಿ ಹೊರಗೆ ಜಾರುತ್ತಿದ್ದರೆ ಮೊದಲು ಬಾಕ್ಸ್ ಕೆಳಗಿನ ರಬ್ಬರ್ ಮೌಂಟ್ ಮತ್ತು ಗೇರ್ ಲಿವರ್ ಬುಡದ ಬುಷ್ ನೋಡಿ. ಲಿವರ್ ಗಂಜಿ ಕಲಸಿದ ಹಾಗೆ ಆಡುತ್ತಿದ್ದರೆ ಹಲವು ಸಲ ಅದು ಒಂದು ಪ್ಲಾಸ್ಟಿಕ್ ಬುಷ್‌ನ ಕಥೆ. ಅವೆರಡೂ ಸರಿ ಇದ್ದರೆ ಮಾತ್ರ ಒಳಗೆ ಡಾಗ್ ಹಲ್ಲು (ಗೇರನ್ನು ಶಾಫ್ಟಿಗೆ ಕಚ್ಚಿಸುವ ಹಲ್ಲು) ಅಥವಾ ಶಿಫ್ಟ್ ಫೋರ್ಕ್ (ಗೇರ್ ಬದಲಿಸಲು ಸರಿಸುವ ಕವೆ) ಸವೆದಿರಬಹುದು.

ಇಷ್ಟಾಗಿಯೂ ಬಾಕ್ಸೇ ಕೆಟ್ಟಿದೆ ಅಂತ ಖಾತ್ರಿಯಾದರೆ, ಮುಂದೆ ನೋಡೋಣ.

ನಿಮ್ಮದೇ ಬಾಕ್ಸ್ ಬಿಚ್ಚಿ ಕಟ್ಟುವುದು

ಇದನ್ನು ಜನ ಕೊನೆಗೆ ಯೋಚಿಸುತ್ತಾರೆ. ನಾನು ಮೊದಲಿಗೇ ಇಡುತ್ತೇನೆ. ಕಾರಣ ಒಂದೇ: ಆ ಬಾಕ್ಸ್ ನಿಮ್ಮ ಗಾಡಿಗೆ ಕೂರುತ್ತದೆ ಅಂತ ಈಗಾಗಲೇ ಗೊತ್ತಿದೆ. ಮುಂದಿನ ಸ್ಪ್ಲೈನ್ (ಶಾಫ್ಟ್ ತುದಿಯ ಉದ್ದುದ್ದ ಹಲ್ಲುಗಳು), ಹಿಂದಿನ ಸ್ಪ್ಲೈನ್, ಉದ್ದ, ಲಿವರ್ ಜಾಗ, ಸ್ಪೀಡೋಮೀಟರ್ ಕೇಬಲ್, ಎಲ್ಲವೂ ಹೊಂದಿಕೊಂಡೇ ಇವೆ. ಉಳಿದ ಆಯ್ಕೆಗಳಲ್ಲಿ ತಲೆನೋವು ಬರುವುದೇ ಈ ಜಾಗಗಳಲ್ಲಿ.

ಬೇರಿಂಗ್, ಸಿಂಕ್ರೋ ರಿಂಗ್, ಸೀಲ್, ಪ್ಯಾಕಿಂಗ್ ಎಲ್ಲ ಸೇರಿದ ಕಿಟ್ ಹೆಚ್ಚು ಓಡಿದ ಮಾಡೆಲ್‌ಗಳಿಗೆ ಸಿಗುತ್ತದೆ. ಬೇರಿಂಗ್ ಊಳಿಡುತ್ತಿದೆ, ಒಂದೆರಡು ಗೇರಿನ ಸಿಂಕ್ರೋ ಹೋಗಿದೆ, ಗೇರಿನ ಹಲ್ಲುಗಳು ಚೆನ್ನಾಗಿವೆ ಅನ್ನುವಂತಿದ್ದರೆ ಇದೇ ಸರಿಯಾದ ದಾರಿ. ಹಲ್ಲಿನ ಮೇಲೆ ಗುಳಿ ಬಿದ್ದಿದ್ದರೆ, ಬೇರಿಂಗ್ ಕೂರುವ ರಂಧ್ರವೇ ಸವೆದು ಅಗಲವಾಗಿದ್ದರೆ, ಕೇಸ್ ಬಿರುಕು ಬಿಟ್ಟಿದ್ದರೆ ಲೆಕ್ಕ ತಪ್ಪುತ್ತದೆ. ಒಂದೊಂದೇ ಗೇರ್ ಬಿಡಿಯಾಗಿ ಕೊಳ್ಳಲು ಹೊರಟರೆ ಇಡೀ ಬಾಕ್ಸ್‌ನ ಬೆಲೆ ದಾಟಿಬಿಡುತ್ತದೆ.

ಕೆಲಸ ಕಷ್ಟ ಅನ್ನುವುದಕ್ಕಿಂತ ತಾಳ್ಮೆ ಬೇಡುವಂಥದ್ದು. ಪ್ರೆಸ್ ಬೇಕು, ಪುಲ್ಲರ್ ಬೇಕು, ಸರ್ಕ್ಲಿಪ್ ಇಕ್ಕಳ ಬೇಕು. ಹಳೇ ನಾಲ್ಕು ಗೇರಿನ ಬಾಕ್ಸ್‌ಗಳಲ್ಲಿ ಲೇ ಶಾಫ್ಟ್‌ನ ನೀಡಲ್ ರೋಲರ್‌ಗಳು ಬಿಡಿಬಿಡಿಯಾಗಿ ಇರುತ್ತವೆ. ಶಾಫ್ಟ್ ಎಳೆದ ಕೂಡಲೇ ಸಾಸಿವೆ ಚೆಲ್ಲಿದ ಹಾಗೆ ನೆಲದ ತುಂಬಾ ಹರಡುತ್ತವೆ. ನಾನು ಒಮ್ಮೆ ಎಲ್ಲ ಆಯ್ದು ಎಣಿಸಿದೆ, ಒಂದು ಕಡಿಮೆ. ಅರ್ಧ ದಿನ ಹುಡುಕಿದ ಮೇಲೆ ಅದು ನನ್ನ ಚಪ್ಪಲಿಯ ಅಡಿಗೆ ಅಂಟಿಕೊಂಡಿದ್ದು ಗೊತ್ತಾಯಿತು. ಆಮೇಲಿಂದ ಕೆಳಗೆ ಒಂದು ಬಿಳಿ ಬಟ್ಟೆ ಹಾಸದೆ ಬಾಕ್ಸ್ ಬಿಚ್ಚಿಲ್ಲ. ವಾಪಸ್ ಜೋಡಿಸುವಾಗ ವ್ಯಾಸಲೀನ್ ಸವರಿ ರೋಲರ್‌ಗಳನ್ನು ಒಂದೊಂದಾಗಿ ಅಂಟಿಸಬೇಕು. ಲೇ ಶಾಫ್ಟ್‌ನಷ್ಟೇ ದಪ್ಪದ, ಆದರೆ ಗೇರ್ ಕ್ಲಸ್ಟರ್‌ನಷ್ಟೇ ಉದ್ದದ ಒಂದು ಡಮ್ಮಿ ಶಾಫ್ಟ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಟೇಪರ್ ಬೇರಿಂಗ್ ಇರುವ ಬಾಕ್ಸ್‌ಗಳಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಶಾಫ್ಟ್ ಹಿಂದೆ ಮುಂದೆ ಎಷ್ಟು ಆಡಬೇಕು ಅನ್ನುವುದನ್ನು ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಹೊಂದಿಸಬೇಕು, ಡಯಲ್ ಗೇಜ್‌ನಲ್ಲಿ ಅಳೆಯಬೇಕು. ಕೈಯಲ್ಲಿ ಅಲ್ಲಾಡಿಸಿ "ಸರಿ ಇದೆ" ಅಂದರೆ ಸಾಲದು. ಈ ಅಳತೆ ನಿಮ್ಮ ಕೈಲಾಗದು ಅನಿಸಿದರೆ ಬಾಕ್ಸ್ ಇಳಿಸುವ ಕೆಲಸ ನೀವು ಮಾಡಿ, ಬಿಚ್ಚಿ ಕಟ್ಟುವುದನ್ನು ಗೊತ್ತಿರುವವರಿಗೆ ಕೊಡಿ. ಅದರಲ್ಲಿ ನಾಚಿಕೆ ಏನಿಲ್ಲ.

ಅನನುಕೂಲ ಅಂದರೆ ಸಮಯ. ಪಾರ್ಟ್ ಬರುವವರೆಗೆ ಗಾಡಿ ಮೂಲೆಯಲ್ಲಿ. ದಿನಾ ಲೋಡು ಹೊರುವ ಗಾಡಿಗೆ ಇದು ದೊಡ್ಡ ಮಾತೇ.

ಗುಜರಿಯ ಬಾಕ್ಸ್

ಅಗ್ಗ, ಬೇಗ, ಮತ್ತು ಜೂಜು. ಆದರೆ ಕಣ್ಣು ಮುಚ್ಚಿ ಆಡುವ ಜೂಜಲ್ಲ. ಅರ್ಧ ಗಂಟೆ ಅದರ ಜೊತೆ ಕೂತರೆ ಬಾಕ್ಸ್ ತನ್ನ ಕಥೆಯನ್ನು ತಾನೇ ಹೇಳುತ್ತದೆ.

ಮೊದಲು ಆಯಿಲ್. ತುಂಬುವ ಬೋಲ್ಟು ಬಿಚ್ಚಿ ಕಿರುಬೆರಳು ಹಾಕಿ, ಬೆಳಕಿಗೆ ಹಿಡಿದು ನೋಡಿ. ಬಂಗಾರದ ಬಣ್ಣದ ಸಣ್ಣ ಪುಡಿ ಸ್ವಲ್ಪ ಇದ್ದರೆ ಗಾಬರಿ ಬೇಡ, ಅದು ಸಿಂಕ್ರೋ ರಿಂಗಿನ ಹಿತ್ತಾಳೆ. ಬೆಳ್ಳಿಯಂತೆ ಹೊಳೆಯುವ ಚಕ್ಕೆ ಕೈಗೆ ತಾಗಿದರೆ ಎದ್ದು ಬನ್ನಿ. ಹಾಲು ಬೆರೆಸಿದ ಬಣ್ಣ ಇದ್ದರೆ ನೀರು ಹೋಗಿದೆ, ಬೇರಿಂಗ್ ತುಕ್ಕು ಹಿಡಿದಿರುತ್ತದೆ. ಆಯಿಲ್ ಇಲ್ಲವೇ ಇಲ್ಲ ಅಂದರೆ, ಮಾರುವವನೇ ಖಾಲಿ ಮಾಡಿದ್ದಾನೋ, ಗಾಡಿಯಲ್ಲೇ ಸೋರಿ ಖಾಲಿಯಾಗಿತ್ತೋ ಅನ್ನುವುದು ಮುಖ್ಯ. ಫೋರ್ಡ್ ರೇಂಜರ್ ಮತ್ತು ಎಫ್-150 ಗಾಡಿಗಳಿಗೆ 1988ರಿಂದ ಬಂದ ಎಂ5ಒಡಿ ಬಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಮಜ್ದಾ ಕಟ್ಟಿದ ಬಾಕ್ಸ್ ಅದು. ಮೇಲಿನ ಮುಚ್ಚಳದ ಹಿಂಬದಿಯಲ್ಲಿ ಶಿಫ್ಟ್ ರೈಲುಗಳ ತುದಿಗೆ ಮೂರು ರಬ್ಬರ್ ಬಿರಡೆ ಇರುತ್ತವೆ. ವಯಸ್ಸಾದಂತೆ ಅವು ಗಟ್ಟಿಯಾಗಿ ಸೋರುತ್ತವೆ. ಮೇಲಿಂದ ಸೋರುವುದರಿಂದ ನೆಲದ ಮೇಲೆ ದೊಡ್ಡ ಕಲೆ ಏನೂ ಕಾಣುವುದಿಲ್ಲ. ಓಡಿಸುವವನಿಗೆ ಗೊತ್ತಾಗುವ ಹೊತ್ತಿಗೆ ಬೇರಿಂಗ್ ಒಣಗಿರುತ್ತದೆ. ಈ ಬಾಕ್ಸ್ ಕೊಳ್ಳುವುದಾದರೆ ಆ ಮೂಲೆ ಜಿಡ್ಡಾಗಿದೆಯಾ ನೋಡಿ. ಕೂರಿಸುವ ಮೊದಲೇ ರಬ್ಬರ್ ಕಿತ್ತು ಲೋಹದ ಬಿರಡೆ ಹಾಕಿಬಿಡಿ. ಬಾಕ್ಸ್ ಕೆಳಗಿರುವಾಗ ಅದು ಕಾಲು ಗಂಟೆಯ ಕೆಲಸ.

ಆಮೇಲೆ ಮುಂದಿನ ಶಾಫ್ಟ್ ಹಿಡಿದು ಅಲ್ಲಾಡಿಸಿ. ಸ್ವಲ್ಪ ಆಡುತ್ತದೆ, ಆಡಲೇಬೇಕು. ಅದರ ಮೂತಿಗೆ ಆಸರೆ ಕೊಡುವುದು ಇಂಜಿನ್ ಕ್ರ್ಯಾಂಕ್‌ನಲ್ಲಿರುವ ಪೈಲಟ್ ಬೇರಿಂಗ್. ಅದಿಲ್ಲದೆ ತುದಿ ತೂಗುವುದು ಸಹಜ. ಆದರೆ ಟಕ್ ಟಕ್ ಅಂತ ಸದ್ದು ಬರುವಷ್ಟು ಆಡಿದರೆ ಬೇರಿಂಗ್ ಹೋಗಿದೆ. ರಿಲೀಸ್ ಬೇರಿಂಗ್ ಜಾರುವ ಕೊಳವೆಯ ಮೇಲೆ ಬೆರಳಾಡಿಸಿ. ಗೀರು, ಮೆಟ್ಟಿಲು ಇದ್ದರೆ ಅದನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಕ್ಲಚ್ ಹಾಕಿದರೂ ಪೆಡಲ್ ಕಚ್ಚಿ ಕಚ್ಚಿ ಬರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಒಂದು ಸೀಮೆಸುಣ್ಣ ಸಾಕು. ಮುಂದಿನ ಶಾಫ್ಟ್ ಮೇಲೆ ಒಂದು ಗೆರೆ, ಹಿಂದಿನ ಶಾಫ್ಟ್ ಮೇಲೆ ಒಂದು ಗೆರೆ. ಫಸ್ಟ್ ಗೇರಿಗೆ ಹಾಕಿ ಮುಂದಿನದನ್ನು ಕೈಯಲ್ಲಿ ತಿರುಗಿಸುತ್ತಾ ಹೋಗಿ. ಹಿಂದಿನದು ಸರಿಯಾಗಿ ಒಂದು ಸುತ್ತು ಮುಗಿಸುವಷ್ಟರಲ್ಲಿ ನೀವು ಎಷ್ಟು ಸುತ್ತು ತಿರುಗಿಸಿದಿರೋ ಅದೇ ಆ ಗೇರಿನ ಅನುಪಾತ. ನಾಲ್ಕು ಸುತ್ತು ಬೇಕಾದರೆ 4ರ ಹತ್ತಿರ. ಆರೂವರೆ ಸುತ್ತು ಬೇಕಾದರೆ ಅದು ಜನರಲ್ ಮೋಟಾರ್ಸ್‌ನ ಎಸ್‌ಎಂ465 ತರಹದ, ಬೆಟ್ಟ ಹತ್ತುವ ಫಸ್ಟ್ ಗೇರಿನ ಬಾಕ್ಸ್. ನೇರ ಗೇರಲ್ಲಿ ಎರಡು ಗೆರೆಗಳೂ ಜೊತೆಜೊತೆಯಲ್ಲೇ ಬರುತ್ತವೆ. ಓವರ್‌ಡ್ರೈವ್ (ಮುಂದಿನ ಶಾಫ್ಟಿಗಿಂತ ಹಿಂದಿನದು ವೇಗವಾಗಿ ತಿರುಗುವ ಗೇರ್) ಇದ್ದರೆ ಐದನೇ ಗೇರಲ್ಲಿ ನಿಮ್ಮ ಕೈ ಮುಕ್ಕಾಲು ಸುತ್ತು ಸುಮಾರಿಗೆ ಬರುವಾಗಲೇ ಹಿಂದಿನದು ಸುತ್ತು ಮುಗಿಸಿರುತ್ತದೆ. ಮಾರುವವನು ಏನೇ ಹೇಳಲಿ, ಸೀಮೆಸುಣ್ಣ ಸುಳ್ಳು ಹೇಳುವುದಿಲ್ಲ. ಹೀಗೆ ಒಂದೊಂದೇ ಗೇರಲ್ಲಿ ತಿರುಗಿಸುವಾಗ ಎಲ್ಲಾದರೂ ಕೈಗೆ ಮರಳು ಸಿಕ್ಕಿದ ಹಾಗೆ ಅನಿಸಿದರೆ, ಒಂದೇ ಜಾಗದಲ್ಲಿ ಪದೇಪದೇ ತಡೆದರೆ, ಆ ಬಾಕ್ಸ್ ಬೇಡ.

ಇನ್ನೊಂದು ಬಲೆ: ಒಂದೇ ಹೆಸರಿನ ಬಾಕ್ಸ್ ಟೂ ವೀಲ್ ಡ್ರೈವ್‌ಗೂ ಫೋರ್ ವೀಲ್ ಡ್ರೈವ್‌ಗೂ ಬೇರೆ ಬೇರೆ. ಹಿಂದಿನ ಹೌಸಿಂಗ್ ಬೇರೆ, ಮೇನ್ ಶಾಫ್ಟ್ (ಹಿಂದಕ್ಕೆ ಹೊರಬರುವ ಶಾಫ್ಟ್) ಉದ್ದವೂ ಬೇರೆ. ಬರೀ ಹಿಂದಿನ ಹೌಸಿಂಗ್ ಬದಲಿಸಿದರೆ ಆಯ್ತಲ್ವಾ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮೇನ್ ಶಾಫ್ಟ್ ಬದಲಿಸಬೇಕಾದರೆ ಇಡೀ ಬಾಕ್ಸ್ ಬಿಚ್ಚಬೇಕು. ಹೌಸಿಂಗ್ ಮೇಲಿನ ಎರಕದ ನಂಬರ್, ತಗಡಿನ ಟ್ಯಾಗ್ ಎರಡನ್ನೂ ಫೋಟೋ ತೆಗೆದುಕೊಂಡು ನಿಮ್ಮದರ ಜೊತೆ ಹೋಲಿಸಿ.

ರೀಕಂಡೀಷನ್ ಮಾಡಿದ ಬಾಕ್ಸ್, ಮತ್ತು ಹೊಚ್ಚ ಹೊಸದು

ಹಳೆಯದನ್ನು ಕೊಟ್ಟು, ಯಾರೋ ಬಿಚ್ಚಿ ಕಟ್ಟಿದ್ದನ್ನು ತರುವುದು. ಗಾಡಿ ನಿಲ್ಲುವುದು ಒಂದೆರಡು ದಿನ ಮಾತ್ರ, ಗ್ಯಾರಂಟಿಯೂ ಇರುತ್ತದೆ. ಗಾಡಿಯಿಂದಲೇ ಸಂಪಾದನೆ ಅನ್ನುವವರಿಗೆ ಇದು ಸರಿ ಹೋಗುತ್ತದೆ.

ಆದರೆ "ರೀಕಂಡೀಷನ್" ಅನ್ನುವ ಪದಕ್ಕೆ ಅಳತೆಗೋಲಿಲ್ಲ. ಒಬ್ಬ ಎಲ್ಲ ಬೇರಿಂಗ್, ಎಲ್ಲ ಸಿಂಕ್ರೋ ಬದಲಿಸಿ ಹಾಗೆನ್ನುತ್ತಾನೆ. ಇನ್ನೊಬ್ಬ ಹೊರಗೆ ತೊಳೆದು ಬಣ್ಣ ಬಳಿದು ಹಾಗೆನ್ನುತ್ತಾನೆ. ಏನೇನು ಬದಲಿಸಿದ್ದೀರಿ, ಬರೆದುಕೊಡಿ ಅಂತ ಕೇಳಿ. ಬರೆದುಕೊಡಲು ಹಿಂಜರಿದರೆ ಉತ್ತರ ಸಿಕ್ಕಿತಲ್ಲ. ಗ್ಯಾರಂಟಿ ಬಾಕ್ಸಿಗೆ ಮಾತ್ರವೋ, ಇಳಿಸಿ ಹತ್ತಿಸುವ ಕೂಲಿಗೂ ಇದೆಯೋ ಅನ್ನುವುದನ್ನೂ ಕೇಳಿ. ನಿಮ್ಮ ಹಳೇ ಬಾಕ್ಸ್‌ನ ಕೇಸ್ ಒಡೆದಿದ್ದರೆ ಬದಲಿಗೆ ತೆಗೆದುಕೊಳ್ಳುವುದಿಲ್ಲ ಅನ್ನಬಹುದು. ಹಾಗಾಗಿ ಇಳಿಸುವಾಗ ಬೀಳಿಸಬೇಡಿ.

ಪೂರ್ತಿ ಹೊಸ ಬಾಕ್ಸ್ ಹಳೇ ಪಿಕಪ್‌ಗೆ ಸಿಗುವುದೇ ಅಪರೂಪ. ಸಿಕ್ಕರೂ ಬೆಲೆ ಎಷ್ಟೋ ಸಲ ಗಾಡಿಯ ಬೆಲೆಗೇ ಸಮನಾಗುತ್ತದೆ. ಇಂಜಿನ್ ಪವರ್ ಜಾಸ್ತಿ ಮಾಡಿಸಿಕೊಂಡವರಿಗೆ ಬಿಟ್ಟರೆ ಬೇರೆಯವರಿಗೆ ಅದರ ಮಾತೇ ಬೇಡ.

ಬೇರೆ ಮಾಡೆಲ್‌ನ ಬಾಕ್ಸ್: ಆಸೆ ಮತ್ತು ಅಳತೆ

ಎಲ್ಲರ ಕಣ್ಣಿರುವುದು ಇಲ್ಲೇ. ಹೇಗೂ ಬಾಕ್ಸ್ ಇಳಿಸುತ್ತೇವೆ, ನಾಲ್ಕು ಗೇರಿನ ಬದಲು ಐದು ಗೇರಿನದು ಹಾಕೋಣ ಅನ್ನುವ ಆಸೆ. ತಪ್ಪೇನಿಲ್ಲ. ಆದರೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ ಆ ಐದನೇ ಗೇರ್ ನಿಮಗೆ ಬೇಕಾ ಅಂತ ನೋಡಿ.

ಟೈರಿನ ಎತ್ತರ 71 ಸೆಂ.ಮೀ. ಅಂದುಕೊಳ್ಳಿ. ಒಂದು ಸುತ್ತಿಗೆ ಗಾಡಿ ಸುಮಾರು 2.23 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 100 ಕಿ.ಮೀ. ಅಂದರೆ ನಿಮಿಷಕ್ಕೆ 1,667 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ ಸುಮಾರು 747 ಸುತ್ತು. ಹಿಂದಿನ ಆಕ್ಸಲ್‌ನ ಕ್ರೌನ್ ಪಿನಿಯನ್ ಅನುಪಾತ 4.10 ಇದ್ದರೆ, ನೇರ ಗೇರಲ್ಲಿ ಇಂಜಿನ್ 3,060 ಆರ್‌ಪಿಎಂ ಸುಮಾರಿಗೆ ತಿರುಗುತ್ತಿರುತ್ತದೆ. ಐದನೇ ಗೇರ್ 0.85 ಇರುವ ಬಾಕ್ಸ್ ಹಾಕಿದರೆ 2,600ಕ್ಕೆ ಇಳಿಯುತ್ತದೆ. 0.73 ಇದ್ದರೆ 2,240ರ ಹತ್ತಿರ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡುವವನಿಗೆ ಈ 800 ಸುತ್ತಿನ ಇಳಿಕೆ ಕಿವಿಗೂ ಹಿತ, ಇಂಜಿನ್‌ಗೂ ಹಿತ. ಗದ್ದೆ ದಾರಿಯಲ್ಲೋ ಊರೊಳಗೋ 50ರಲ್ಲಿ ಓಡುವ ಗಾಡಿಗೆ ಸುಮ್ನೆ ಅಲಂಕಾರ.

ಕಳೆದುಕೊಳ್ಳುವುದೂ ಇದೆ. ಜನರಲ್ ಮೋಟಾರ್ಸ್‌ನ ಹಳೇ ಟ್ರಕ್ಕುಗಳ ಎಸ್‌ಎಂ465 ಬಾಕ್ಸ್‌ನ ಫಸ್ಟ್ ಗೇರ್ 6.55. ಅದನ್ನು ತೆಗೆದು ಐದು ಗೇರಿನ ಎನ್‌ವಿ3500 ಬಾಕ್ಸ್ ಹಾಕಿದರೆ ಫಸ್ಟ್ ಸಾಮಾನ್ಯವಾಗಿ 4.02, ಐದನೆಯದು 0.73. ಅದೇ 4.10 ಆಕ್ಸಲ್ ಜೊತೆ ಗುಣಿಸಿ ನೋಡಿ. ಮೊದಲು ಇಂಜಿನ್‌ನ ಬಲ ಸುಮಾರು 27 ಪಟ್ಟು ಆಗಿ ಚಕ್ರಕ್ಕೆ ಹೋಗುತ್ತಿತ್ತು, ಈಗ 16 ಪಟ್ಟು ಚಿಲ್ಲರೆ. ಭಾರ ತುಂಬಿಕೊಂಡು ಏರಿನಲ್ಲಿ ನಿಂತು ಹೊರಡುವಾಗ ಈ ವ್ಯತ್ಯಾಸ ಕ್ಲಚ್ ಪ್ಲೇಟಿನ ವಾಸನೆಯಲ್ಲಿ ಗೊತ್ತಾಗುತ್ತದೆ. ಎರಡೂ ಬೇಕು ಅನ್ನುವವರು ಎನ್‌ವಿ4500 ಕಡೆ ನೋಡುತ್ತಾರೆ. ಅದರಲ್ಲಿ ಫಸ್ಟ್ ಸಾಮಾನ್ಯವಾಗಿ 5.61, ಐದನೆಯದು 0.73. ಆದರೆ ಎರಕದ ಕಬ್ಬಿಣದ ಆ ಬಾಕ್ಸ್ ಸುಮಾರು 88 ಕಿಲೋ ತೂಗುತ್ತದೆ. ಕಮ್ಮಿನ್ಸ್ ಡೀಸೆಲ್ ಇರುವ ಡಾಡ್ಜ್ ಟ್ರಕ್ಕುಗಳಲ್ಲಿ ಅದರ ಐದನೇ ಗೇರ್ ಹಿಡಿದಿಡುವ ನಟ್ಟು ಸಡಿಲಾಗಿ ಹಿಂದೆ ಬರುವ ಚಾಳಿಯೂ ಇದೆ. ಗುಜರಿಯದು ತಂದರೆ ಹಿಂದಿನ ಹೌಸಿಂಗ್ ತೆಗೆದು ಆ ನಟ್ಟು ನೋಡದೆ ಕೂರಿಸಬೇಡಿ.

ಇನ್ನು ಹೊಂದಾಣಿಕೆ. ಬಾಕ್ಸ್ ಅನ್ನುವುದು ನಾಲ್ಕೂ ಕಡೆ ನಂಟು ಇಟ್ಟುಕೊಂಡ ಸಾಮಾನು. ಮುಂದೆ ಇಂಜಿನ್‌ನ ಬೋಲ್ಟು ಸಾಲಿಗೆ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚುವ ಗಂಟೆಯಾಕಾರದ ಕವಚ) ಹೊಂದಬೇಕು. ಕೆಲವು ಬಾಕ್ಸ್‌ಗಳಲ್ಲಿ ಬೆಲ್ ಹೌಸಿಂಗ್ ಬೇರೆ ತುಂಡು, ಬದಲಿಸಬಹುದು. ಎಂ5ಒಡಿ ತರಹದವುಗಳಲ್ಲಿ ಕೇಸಿಗೇ ಸೇರಿ ಎರಕ ಹೊಯ್ದಿರುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಮುಂದಿನ ಶಾಫ್ಟ್‌ನ ಸ್ಪ್ಲೈನ್ ಎಣಿಕೆ ಬೇರೆ ಇದ್ದರೆ ಬಾಕ್ಸ್‌ಗೆ ಹೊಂದುವ ಕ್ಲಚ್ ಪ್ಲೇಟ್, ಫ್ಲೈವೀಲ್‌ಗೆ ಹೊಂದುವ ವ್ಯಾಸ, ಎರಡೂ ಇರುವ ಪ್ಲೇಟ್ ಹುಡುಕಬೇಕು. ಶಾಫ್ಟ್ ಮೂತಿಯ ದಪ್ಪಕ್ಕೆ ಪೈಲಟ್ ಬೇರಿಂಗ್. ಮೂತಿ ಉದ್ದವಾಗಿ ಕ್ರ್ಯಾಂಕ್ ತಳಕ್ಕೆ ತಾಗಿದರೆ, ಬೋಲ್ಟು ಬಿಗಿದ ದಿನವೇ ಬೇರಿಂಗ್ ಸತ್ತ ಹಾಗೆ.

ಹಿಂದೆ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ಉದ್ದ ಶಾಫ್ಟ್). ಹೊಸ ಬಾಕ್ಸ್ ನಾಲ್ಕು ಬೆರಳು ಉದ್ದ ಇದ್ದರೆ ಶಾಫ್ಟ್ ಅಷ್ಟು ಗಿಡ್ಡ ಮಾಡಿಸಿ ಬ್ಯಾಲೆನ್ಸ್ ಮಾಡಿಸಬೇಕು. ಕ್ರಾಸ್ ಮೆಂಬರ್ (ಬಾಕ್ಸ್ ಹೊರುವ ಅಡ್ಡ ಪಟ್ಟಿ) ಹಿಂದಕ್ಕೆ ಸರಿಸಿ ಹೊಸ ತೂತು ಕೊರೆಯಬೇಕು. ಫೋರ್ ವೀಲ್ ಡ್ರೈವ್ ಆದರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಕೂಡ ಒಪ್ಪಬೇಕು. ಜೀಪ್ ಕೊಮಾಂಚಿ ಪಿಕಪ್ ಇದಕ್ಕೆ ಚೆನ್ನಾದ ಪಾಠ. 4.0 ಲೀಟರ್ ಇಂಜಿನ್ ಜೊತೆ 1987ರಿಂದ 1989ರ ನಡುವೆ ಬಂದ ಪ್ಯೂಜೋ ಬಿಎ-10/5 ಬಾಕ್ಸ್ ನಾಜೂಕು ಅಂತ ಹೆಸರು ಪಡೆದಿತ್ತು. ಅದರ ಜಾಗಕ್ಕೆ ಐಸಿನ್‌ನ ಎಎಕ್ಸ್-15 ಬಂತು. ಹಳೇ ಗಾಡಿಯವರು ಇದನ್ನೇ ಹುಡುಕಿ ಹಾಕುತ್ತಾರೆ, ಗಟ್ಟಿ ಬಾಕ್ಸ್, ಒಳ್ಳೆಯ ಆಯ್ಕೆ. ಆದರೆ ಹಿಂದಿನ ಸ್ಪ್ಲೈನ್ ಒಂದರಲ್ಲಿ 21, ಇನ್ನೊಂದರಲ್ಲಿ 23. ಎರಡು ಹಲ್ಲಿನ ವ್ಯತ್ಯಾಸಕ್ಕೆ ಟ್ರಾನ್ಸ್‌ಫರ್ ಕೇಸ್‌ನ ಇನ್‌ಪುಟ್ ಗೇರ್ ಬದಲಿಸಬೇಕು, ಅಥವಾ ಕೇಸನ್ನೇ ಬದಲಿಸಬೇಕು. ಎಎಕ್ಸ್-15 ಹಾಕುವಾಗ ಕ್ಲಚ್‌ನ ಸ್ಲೇವ್ ಸಿಲಿಂಡರ್ ಹೊರಗಿರುವ, 1994ರಿಂದ ಬಂದ ಬಗೆ ಸಿಕ್ಕರೆ ಬಿಡಬೇಡಿ. ಒಳಗಿರುವ ಬಗೆಯಲ್ಲಿ ಸ್ಲೇವ್ ಸೋರಿದರೆ ಮತ್ತೆ ಇಡೀ ಬಾಕ್ಸ್ ಇಳಿಸಬೇಕಾಗುತ್ತದೆ.

ಮೇಲೆ ಲಿವರ್. ಅದು ನಿಮ್ಮ ಗಾಡಿಯ ನೆಲದ ತೂತಿಗೆ ಸರಿಯಾಗಿ ಬರುವುದಿಲ್ಲ ಅಂದರೆ ತಗಡು ಕತ್ತರಿಸಬೇಕು, ಇಲ್ಲವೇ ಲಿವರ್ ಬಗ್ಗಿಸಬೇಕು. ಶೆವರ್ಲೆ ಎಸ್-10 ಪಿಕಪ್‌ನ ಟಿ5 ಬಾಕ್ಸ್‌ಗೆ ಬೇಡಿಕೆ ಇರುವುದು ಇದಕ್ಕೇ. ಅದರ ಲಿವರ್ ಸ್ವಲ್ಪ ಮುಂದಿದೆ, ಉದ್ದ ಸೀಟಿನ ಹಳೇ ಗಾಡಿಗಳಲ್ಲಿ ಮೊಣಕಾಲಿಗೂ ಸೀಟಿಗೂ ತಾಗುವುದಿಲ್ಲ.

ಇಷ್ಟರ ಮೇಲೆ ಸ್ಪೀಡೋಮೀಟರ್. ಕೇಬಲ್ ಇರುವ ಗಾಡಿಗೆ ಸೆನ್ಸರ್ ಇರುವ ಬಾಕ್ಸ್ ತಂದರೆ ಮುಳ್ಳು ಸೊನ್ನೆಯಲ್ಲೇ ಮಲಗಿರುತ್ತದೆ. ರಿವರ್ಸ್ ಲೈಟಿನ ಸ್ವಿಚ್‌ಗೂ ಇದೇ ಗತಿ. ಇವೆಲ್ಲ ಬಗೆಹರಿಯುವ ಸಮಸ್ಯೆಗಳೇ, ಆದರೆ ಒಂದೊಂದೂ ಒಂದೊಂದು ಶನಿವಾರ ತಿನ್ನುತ್ತದೆ.

ಒಂದು ಉಪಾಯ ಹೇಳುತ್ತೇನೆ. ಬೇರೆ ಮಾಡೆಲ್ ಬೇಕೇ ಬೇಕು ಅಂದರೆ ನಿಮ್ಮದೇ ಕಂಪನಿಯ, ನಿಮ್ಮದೇ ಇಂಜಿನ್ ಜೊತೆ ಮುಂದಿನ ವರ್ಷಗಳಲ್ಲಿ ಬಂದ ಬಾಕ್ಸ್ ಹುಡುಕಿ. ಆಗ ಮುಂದಿನ ಭಾಗ ಹೊಂದುವ ಸಾಧ್ಯತೆ ಜಾಸ್ತಿ. ಮತ್ತು ಬಾಕ್ಸ್ ಒಂದನ್ನೇ ಕೊಳ್ಳಬೇಡಿ. ಅದೇ ಗಾಡಿಯ ಬೆಲ್ ಹೌಸಿಂಗ್, ಕ್ಲಚ್ ಫೋರ್ಕ್, ಕ್ರಾಸ್ ಮೆಂಬರ್, ಲಿವರ್, ಪ್ರೊಪೆಲ್ಲರ್ ಶಾಫ್ಟ್, ವೈರಿನ ತುಂಡು ಸಮೇತ ಎಲ್ಲವನ್ನೂ ಒಟ್ಟಿಗೆ ಎತ್ತಿಕೊಂಡು ಬನ್ನಿ. ಬೇಡದ್ದನ್ನು ಆಮೇಲೆ ಮಾರಬಹುದು. ಒಂದು ಬ್ರಾಕೆಟ್‌ಗಾಗಿ ಮೂರು ಸಲ ಗುಜರಿಗೆ ಅಲೆದವನ ಮಾತು ಇದು.

ಹೆಸರು ಒಂದೇ ಇದ್ದರೂ ಒಳಗು ಒಂದೇ ಅಂದುಕೊಳ್ಳಬೇಡಿ. ಟೊಯೋಟಾ ಪಿಕಪ್‌ನ ಆರ್150ಎಫ್ ಮತ್ತು ಆರ್151ಎಫ್ ಅಕ್ಕತಂಗಿಯರ ಹಾಗೆ. ಮೊದಲನೆಯದು 3.0 ಲೀಟರ್ ವಿ6ಗೆ ಬಂದದ್ದು, ಫಸ್ಟ್ ಗೇರ್ 3.83. ಎರಡನೆಯದು ಟರ್ಬೋ ಇರುವ 22ಆರ್-ಟಿಇ ಇಂಜಿನ್‌ಗೆ, ಫಸ್ಟ್ 4.31. ಕೊನೆಯ ಒಂದು ಅಂಕೆ ಗಮನಿಸದಿದ್ದರೆ ಬೇರೆಯದೇ ಬಾಕ್ಸ್ ಮನೆಗೆ ಬರುತ್ತದೆ.

ಹಾಗಾದರೆ ಯಾವುದು?

ನನ್ನನ್ನು ಕೇಳಿದರೆ, ಗೇರಿನ ಹಲ್ಲುಗಳು ಚೆನ್ನಾಗಿದ್ದು ಗಾಡಿ ಒಂದೆರಡು ವಾರ ನಿಂತರೆ ತೊಂದರೆ ಇಲ್ಲ ಅಂದರೆ ನಿಮ್ಮದನ್ನೇ ಕಟ್ಟಿಸಿ. ದುಡಿಯುವ ಗಾಡಿ, ನಿಲ್ಲಿಸುವ ಹಾಗಿಲ್ಲ, ಬರೆದುಕೊಡುವ ಪ್ರಾಮಾಣಿಕ ಕಡೆ ಗೊತ್ತಿದೆ ಅಂದರೆ ರೀಕಂಡೀಷನ್. ಕೈಯಲ್ಲಿ ದುಡ್ಡು ಕಡಿಮೆ, ಗಾಡಿಯನ್ನು ಇನ್ನು ಎರಡು ವರ್ಷ ಇಟ್ಟುಕೊಂಡರೆ ಸಾಕು ಅಂದರೆ ಸೀಮೆಸುಣ್ಣ ಹಿಡಿದು ಗುಜರಿಗೆ. ಗುಜರಿಯದು ತಂದು, ನಿಮ್ಮ ಹಳೆಯದನ್ನು ಬಿಡುವಾದಾಗ ನಿಧಾನಕ್ಕೆ ಕಟ್ಟಿ ಇಟ್ಟುಕೊಳ್ಳುವುದೂ ಒಂದು ಜಾಣತನ. ಬೇರೆ ಮಾಡೆಲ್ ಹಾಕುವುದು ಹೆದ್ದಾರಿಯಲ್ಲಿ ದೂರ ಓಡುವವರಿಗೆ, ಮತ್ತೆ ಗಾಡಿ ಕೆಳಗೆ ಮಲಗುವುದೇ ಖುಷಿ ಅನ್ನುವವರಿಗೆ. ನಾನು ಎರಡನೇ ಗುಂಪಿನವನು. ಹಾಗಾಗಿ ಬೇಡ ಅನ್ನುವ ಹಕ್ಕು ನನಗಿಲ್ಲ.

ಯಾವುದೇ ಆದರೂ, ಬಾಕ್ಸ್ ಕೆಳಗಿರುವಾಗ

ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಎಲ್ಲ ಹೊಸದು ಹಾಕಿ. ಒಳಗಿನ ಸ್ಲೇವ್ ಇದ್ದರೆ ಅದನ್ನೂ. ಇಂಜಿನ್‌ನ ಹಿಂದಿನ ಆಯಿಲ್ ಸೀಲ್ ತೇವ ಇದ್ದರೆ ಈಗಲೇ ಬದಲಿಸಿ, ಫ್ಲೈವೀಲ್ ಲೇತ್‌ಗೆ ಕೊಟ್ಟು ಮುಖ ತೆಗೆಸಿ. ಹಳೇ ಪೈಲಟ್ ಬುಷ್ ಕೀಳಲು ಪುಲ್ಲರ್ ಇಲ್ಲದಿದ್ದರೆ, ಅದರ ತೂತಿಗೆ ಒದ್ದೆ ಕಾಗದ ತುಂಬಿ, ಸರಿಯಾಗಿ ಹೊಂದುವ ಒಂದು ಸರಳನ್ನು ಇಟ್ಟು ಸುತ್ತಿಗೆಯಲ್ಲಿ ಬಡಿಯಿರಿ. ಮತ್ತೆ ತುಂಬಿ, ಮತ್ತೆ ಬಡಿಯಿರಿ. ಒತ್ತಡಕ್ಕೆ ಬುಷ್ ತಾನೇ ಹೊರಗೆ ಬರುತ್ತದೆ.

ಬೇರೆ ಬೆಲ್ ಹೌಸಿಂಗ್ ಹಾಕಿದ್ದರೆ ಅದರ ನಡುವಿನ ರಂಧ್ರ ಕ್ರ್ಯಾಂಕಿನ ನೇರಕ್ಕಿದೆಯಾ ಅಂತ ಡಯಲ್ ಗೇಜ್ ಇಟ್ಟು ನೋಡಿ. ಒಂದು ಸುತ್ತಿಗೆ ಮುಳ್ಳು 0.13 ಮಿ.ಮೀ.ಗಿಂತ ಹೆಚ್ಚು ಓಡಾಡಬಾರದು ಅನ್ನುವುದು ಸಾಮಾನ್ಯವಾಗಿ ಒಪ್ಪಿದ ಮಿತಿ. ಜಾಸ್ತಿ ಇದ್ದರೆ ಆಫ್‌ಸೆಟ್ ಡೋವೆಲ್ ಪಿನ್ (ನಡು ಒಂದು ಬದಿಗೆ ಸರಿದ, ಜಾಗಕ್ಕೆ ಕೂರಿಸುವ ಮೊಳೆ) ಹಾಕಿ ಸರಿಪಡಿಸಬೇಕು. ಈ ಒಂದು ಅಳತೆ ಬಿಟ್ಟು, ಒಳ್ಳೆಯ ಬಾಕ್ಸ್‌ಗಳ ಮುಂದಿನ ಬೇರಿಂಗ್ ತಿಂದುಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಕೂರಿಸುವಾಗ ಗಾಡಿ ಗಟ್ಟಿ ಸ್ಟ್ಯಾಂಡ್ ಮೇಲಿರಲಿ, ಬ್ಯಾಟರಿ ಕಳಚಿರಲಿ, ಇಂಜಿನ್ ಹಿಂಭಾಗಕ್ಕೆ ಕೆಳಗಿಂದ ಆಸರೆ ಇರಲಿ. ಬಾಕ್ಸ್ ತೆಗೆದಾಗ ಇಂಜಿನ್ ಹಿಂದಕ್ಕೆ ವಾಲಿ ಡಿಸ್ಟ್ರಿಬ್ಯೂಟರ್ ಹಿಂದಿನ ಗೋಡೆಗೆ ತಾಗಿ ಒಡೆಯುವುದುಂಟು. ಎರಡು ಉದ್ದ ಬೋಲ್ಟುಗಳ ತಲೆ ಕತ್ತರಿಸಿ, ತುದಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವಷ್ಟು ಗೀರು ಹಾಕಿ, ಇಂಜಿನ್‌ನ ಎರಡು ತೂತಿಗೆ ತಿರುಗಿಸಿಟ್ಟುಕೊಳ್ಳಿ. ಬಾಕ್ಸ್ ಅವುಗಳ ಮೇಲೆ ಹಳಿ ಮೇಲೆ ಬಂದ ಹಾಗೆ ಜಾರಿ ಬರುತ್ತದೆ. ಕೊನೆಯ ಬೆರಳಗಲ ಉಳಿದಾಗ ಹೋಗಲೊಲ್ಲದು. ಆಗ ಗೇರಿಗೆ ಹಾಕಿ ಹಿಂದಿನ ಶಾಫ್ಟ್ ಮೆಲ್ಲಗೆ ತಿರುಗಿಸಿ, ಸ್ಪ್ಲೈನ್ ಸಾಲು ಸಿಕ್ಕಿ ಟಕ್ ಅಂತ ಒಳಗೆ ಹೋಗುತ್ತದೆ. ಬೋಲ್ಟು ಹಾಕಿ ಬಿಗಿದು ಎಳೆಯಲು ಮಾತ್ರ ಹೋಗಬೇಡಿ. ಅಲ್ಯೂಮಿನಿಯಂ ಕೇಸ್‌ನ ಕಿವಿ ಮುರಿದು ಕೈಗೆ ಬರುತ್ತದೆ. ಬಾಕ್ಸ್‌ನ ಭಾರವನ್ನು ಕ್ಲಚ್ ಪ್ಲೇಟ್ ಮೇಲೆ ನೇತು ಬಿಡಬೇಡಿ, ಪ್ಲೇಟ್ ಬಗ್ಗುತ್ತದೆ.

ಆಯಿಲ್ ವಿಷಯದಲ್ಲಿ "ಗೇರ್ ಆಯಿಲ್ ಅಂದರೆ ಗೇರ್ ಆಯಿಲ್" ಅನ್ನುವ ಮಾತು ನಂಬಬೇಡಿ. ಎಂ5ಒಡಿಗೂ, ಟಿ5ನ ವರ್ಲ್ಡ್ ಕ್ಲಾಸ್ ಅನ್ನುವ ಬಗೆಗೂ ಹಾಕುವುದು ತೆಳ್ಳಗಿನ ಎಟಿಎಫ್ (ಆಟೋಮ್ಯಾಟಿಕ್ ಬಾಕ್ಸ್‌ಗಳ ಆಯಿಲ್). ಎನ್‌ವಿ4500ಗೆ 75ಡಬ್ಲ್ಯೂ-85 ಜಿಎಲ್-4 ಸಿಂಥೆಟಿಕ್ (ಮೊದಲನೆಯದು ಆಯಿಲ್‌ನ ದಪ್ಪ, ಜಿಎಲ್ ಅನ್ನುವುದು ಗೇರ್ ಆಯಿಲ್‌ನ ದರ್ಜೆ). ಜಿಎಲ್-4 ಕೇಳುವ ಬಾಕ್ಸಿಗೆ ಜಿಎಲ್-5 ಸುರಿದರೆ, ಅದರಲ್ಲಿರುವ ಗಂಧಕ-ರಂಜಕದ ಸೇರ್ಪಡೆ ಹಿತ್ತಾಳೆ ಸಿಂಕ್ರೋಗೆ ಒಳ್ಳೆಯದಲ್ಲ. ಜಾರುವಿಕೆಯೂ ಜಾಸ್ತಿಯಾಗಿ ಸಿಂಕ್ರೋ ಹಿಡಿಯುವುದಿಲ್ಲ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ತುಂಬುವ ತೂತಿನ ಅಂಚಿನಿಂದ ಹೊರಗೆ ತುಳುಕುವವರೆಗೆ ಹಾಕಿ. ಮುಂದೆ ಎಂದಾದರೂ ಖಾಲಿ ಮಾಡುವಾಗ ಮೊದಲು ಮೇಲಿನ ಬೋಲ್ಟು ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ಕಚ್ಚಿಕೊಂಡು ಬಾರದಿದ್ದರೆ ಕನಿಷ್ಠ ಆಯಿಲ್ ಒಳಗೇ ಇರುತ್ತದಲ್ವಾ?

ಸುಮಾರು 800 ಕಿ.ಮೀ. ಓಡಿಸಿ ಆ ಆಯಿಲ್ ಇಳಿಸಿ. ಕೆಳಗಿನ ಬೋಲ್ಟಿನಲ್ಲಿ ಮ್ಯಾಗ್ನೆಟ್ ಇದ್ದರೆ ಬೆರಳಲ್ಲಿ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆಯ ಕೆಸರು ಇದ್ದರೆ ಒರೆಸಿ ವಾಪಸ್ ಹಾಕಿ. ಚೂಪು ತುಣುಕು ಚುಚ್ಚಿದರೆ ಗ್ಯಾರಂಟಿ ಕಾಗದ ಎಲ್ಲಿಟ್ಟಿದ್ದೀರಿ ಅಂತ ಹುಡುಕಲು ಶುರು ಮಾಡಿ.